ಸೂಜಿಯಿಲ್ಲದ ಡಾಕ್ಟರು

ಆಗ ನಮ್ಮ ಕಡೆ ಡಾಕ್ಟರು ಎಂದರೆ ಸೂಜಿ. ಚುಚ್ಚಿದರೆ ಡಾಕ್ಟರು, ಇಲ್ಲದಿದ್ದರೆ ಯಾರೋ ಬಂದುಹೋದವರು. ನಿಮ್ಮಲ್ಲಿ ವಯಸ್ಸಾದವರಿಗೆ ಇದು ಗೊತ್ತಿರುತ್ತದೆ. ಹೊಂಗಡಹಳ್ಳದಿಂದಾಚೆ ನಾವಿದ್ದ ಎಸ್ಟೇಟಿಗೆ ಸರ್ಕಾರಿ ಜೀಪಿನಲ್ಲಿ ಬರುತ್ತಿದ್ದ ಆರೋಗ್ಯ ಇಲಾಖೆಯ ಡಾಕ್ಟರ ಹತ್ತಿರ ಸೂಜಿಯೇ ಇರಲಿಲ್ಲ. ಇಳಿದವರೇ ಬಾವಿಗೆ ಬಗ್ಗಿ ನೋಡುವರು, ನೀರು ಮೂಸುವರು, ಜನ ಬಯಲಿಗೆ ಹೋಗುವ ಜಾಗ ಎಲ್ಲಿ ಎಂದು ಕೇಳುವರು. ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರು.

“ಇಂಜೆಕ್ಷನ್ ಕೊಡ್ದೋನು ಅದೆಂಥಾ ಡಾಕ್ಟ್ರು ಮಾರಾಯ? ಕೊಡಪಾನ ಡಾಕ್ಟ್ರು!” ಎಂದು ಎಸ್ಟೇಟಿನ ಮೇಸ್ತ್ರಿ ಅಂದದ್ದೇ ಅವರ ಹೆಸರಾಯಿತು. ನಾನೂ ಹಾಗೇ ಕರೆದು ನಕ್ಕವಳೇ.

ಅಪ್ಪ ಅಲ್ಲಿ ಲೆಕ್ಕಪತ್ರ ಬರೆಯುವ ರೈಟರ್. ಕೂಲಿಯವರ ಸಾಲುಮನೆಗಳ ಲೈನಿನ ಪಕ್ಕದಲ್ಲೇ ನಮ್ಮ ಮನೆ, ಎಲ್ಲರಿಗೂ ಒಂದೇ ಬಾವಿ. ನನಗೆ ಒಂಬತ್ತು, ತಂಗಿ ಕಮಲಿಗೆ ನಾಲ್ಕು. ಬೇಸಿಗೆ ರಜೆ ಮುಗಿಯುತ್ತ ಬಂದಿತ್ತು. ಹಲಸಿನ ತೊಳೆ ತಿಂದು ಕೈಗೆಲ್ಲ ಮೇಣ, ಖಾಲಿ ಬಿದ್ದ ಕಾಫಿ ಕಣದಲ್ಲಿ ಇಡೀ ದಿನ ಕುಂಟೆಬಿಲ್ಲೆ. ಮೊದಲ ಮಳೆ ಹುಯ್ದು ಗುಡ್ಡದ ಕೊಳೆಯೆಲ್ಲ ಕೆಳಗಿಳಿಯಿತು. ಲೈನಿನಲ್ಲಿ ವಾಂತಿಭೇದಿ ಹತ್ತಿತು. ನಾಲ್ಕು ದಿನದಲ್ಲಿ ಎರಡು ಹೆಣ ಹೊತ್ತರು.

ಡಾಕ್ಟರು ಬಂದು ಬಾವಿಗೆ ಬ್ಲೀಚಿಂಗ್ ಪೌಡರ್ ಸುರಿಸಿದರು. ಆ ನಾತಕ್ಕೆ ಜನ ಬಾವಿಯನ್ನೇ ಬಿಟ್ಟು ಹಳ್ಳದ ನೀರು ತರತೊಡಗಿದರು, ನಾವೂ ತಂದೆವು. ಇದು ಗೊತ್ತಾಗಿ ಡಾಕ್ಟರು ಅಂಗಳ ಅಂಗಳದಲ್ಲಿ ನಿಂತು ಹೇಳಿದರು: “ಯಾವ ನೀರಾದ್ರೂ ಆಗ್ಲಿ, ಕುದಿಸಿ ಕುಡೀರಿ. ಕೈ ಮುಗಿತೀನಿ.”

ಲೈನಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಅವ್ವ ಒಬ್ಬಳು ಕೇಳಿದಳು. “ಓದಿದೋರು ಸುಮ್ಕೆ ಹೇಳ್ತಾರಾ?” ಎಂದು ಬೆಳಿಗ್ಗೆಯೇ ಒಂದು ಪಾತ್ರೆ ನೀರು ಕುದಿಸಿ, ಕೆಂಡದ ಮೇಲೇ ಮುಚ್ಚಿಟ್ಟು ಗದ್ದೆಗೆ ಹೋಗುವಳು. ಕಮಲಿಗೆ ಅದನ್ನೇ ಕುಡಿಸುವ ಕೆಲಸ ನನ್ನದು.

“ಅಕ್ಕ, ಬಾಯಿ ಸುಡ್ತೈತೆ” ಎಂದು ಅವಳು ಲೋಟ ತಳ್ಳುತ್ತಿದ್ದಳು. ಸ್ನಾನಕ್ಕೆ ನೀರು ಹದ ಮಾಡುವುದು ನನಗೆ ಗೊತ್ತಿತ್ತು. ಕೊಡಪಾನದಿಂದ ಅರ್ಧ ಚೆಂಬು ತಣ್ಣೀರು ಬೆರೆಸಿ ಕೊಟ್ಟೆ. ಗಟಗಟ ಕುಡಿದಳು. ದಿನಾ ಹಾಗೇ ಕೊಟ್ಟೆ.

ಒಂದು ಬೆಳಿಗ್ಗೆ ಕಮಲಿಗೆ ಶುರುವಾಯಿತು. ಮಧ್ಯಾಹ್ನಕ್ಕೆ ಕಣ್ಣು ಗುಳಿಬಿದ್ದವು, ಬೆರಳು ಅಜ್ಜಿಯ ಬೆರಳಿನ ಹಾಗೆ ಸುಕ್ಕಾದವು. ಡಾಕ್ಟರು ಅವಳನ್ನೂ ಅವ್ವನನ್ನೂ ತಮ್ಮ ಜೀಪಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೊರಟರು. ಸಕಲೇಶಪುರ ಸೇರುವ ಮೊದಲೇ ಅವ್ವನ ಮಡಿಲಲ್ಲಿ ಅವಳು ಹೋಗಿಬಿಟ್ಟಳು.

ಮೂರನೆಯ ದಿನ ಡಾಕ್ಟರು ಮನೆಗೆ ಬಂದರು. ಅವ್ವ ಜಗಲಿಯಲ್ಲಿ ಕೂತಿದ್ದಳು. “ನಿಮ್ ಮಾತು ಕೇಳಿ ದಿನಾ ಕುದಿಸ್ದೆ ಕಣ್ರೀ. ದೊಡ್ಡೋಳು ಅದ್ನೇ ಕುಡಿಸಿದ್ಳು. ಎಲ್ಲೋಯ್ತು ನನ್ ಕೂಸು?”

ಅವರು ಒಳಗೆ ನನ್ನ ಹತ್ತಿರ ಬಂದು, “ನೀರು ಹೆಂಗೆ ಕೊಡ್ತಿದ್ದೆ, ತೋರ್ಸವ್ವ” ಎಂದರು. ನಾನು ಬಿಸಿನೀರು ಬಗ್ಗಿಸಿ, ಎಂದಿನಂತೆ ಹಳ್ಳದ ನೀರಿನ ಕೊಡಪಾನಕ್ಕೆ ಚೆಂಬು ಅದ್ದಿದೆ. ಅವರು ನನ್ನ ಕೈ ಹಿಡಿದುಕೊಂಡರು.

“ಕಮಲಿಗೂ ಹಿಂಗೇ ಕೊಟ್ಯಾ?”

“ಹೂಂ. ಬಿಸಿ ಕುಡೀತಿರ್ಲಿಲ್ಲ ಅವ್ಳು.”

ಅವರು ನನ್ನ ಕೈಯಿಂದ ಚೆಂಬು ತೆಗೆದು ಕೆಳಗಿಟ್ಟರು. ಆಮೇಲೆ ಜಗಲಿಗೆ ಹೋಗಿ ಅವ್ವನ ಮುಂದೆ ನೆಲದ ಮೇಲೇ ಕೂತರು. “ತಾಯಿ, ತಪ್ಪು ನಂದು. ನಾನು ಸರಿಯಾಗಿ ಹೇಳ್ಲಿಲ್ಲ.” ಅಷ್ಟೇ ಹೇಳಿದ್ದು. ನನ್ನ ಹೆಸರೆತ್ತಲಿಲ್ಲ.

“ನಿಮ್ ಬಾಯಿಗೆ ಮಣ್ಣಾಕ! ಇಳೀರಿ ಜಗಲಿ” ಎಂದು ಅವ್ವ ಕಿರುಚಿದಳು.

ಅವರು ಇಳಿದು ಸೀದಾ ಲೈನಿಗೆ ಹೋದರು. ಗೋಡೆಯ ಹಿಂದೆ ನಿಂತು ನಾನು ಕೇಳಿಸಿಕೊಂಡೆ: “ಕುದಿಸಿ, ಆರಿಸಿ ಕುಡೀರಿ. ತಣ್ಣೀರು ಬೆರೆಸ್ಬೇಡಿ.” ಪ್ರತಿ ಬಾಗಿಲಲ್ಲೂ ಅದೇ ಮಾತು. ಆಗ ನನಗೆ ಅರ್ಥವಾಯಿತು.

ಯಾರೂ ಬಾಗಿಲು ತೆರೆಯಲಿಲ್ಲ. “ರೈಟರ ಮಗೀನ ಸಾಯ್ಸಿದೋನು” ಎಂಬ ಮಾತು ಸುತ್ತಲ ಊರಿಗೆಲ್ಲ ಹಬ್ಬಿತು. ಒಂದು ಕಡೆ ಜೀಪಿಗೆ ಸೆಗಣಿ ಎರಚಿದರಂತೆ. ಮಳೆಗಾಲ ಮುಗಿಯುವುದರೊಳಗೆ ಅವರಿಗೆ ವರ್ಗವಾಯಿತು. ಆಮೇಲೆ ಬಂದವರು ಎಲ್ಲರಿಗೂ ಇಂಜೆಕ್ಷನ್ ಕೊಟ್ಟರು, ಜನಕ್ಕೆ ಸಮಾಧಾನವಾಯಿತು.

ಈಗ ಮನೆಮನೆಗೂ ನಲ್ಲಿ ಬಂದಿದೆ, ಅಡುಗೆಮನೆಯಲ್ಲಿ ಫಿಲ್ಟರ್ ಇದೆ. ನನ್ನ ಮೊಮ್ಮಕ್ಕಳಿಗೆ ವಾಂತಿಭೇದಿ ಎಂದರೆ ಒಂದು ದಿನ ಸ್ಕೂಲಿಗೆ ರಜೆ. ಅವ್ವ ತೊಂಬತ್ತರ ಹತ್ತಿರದವರೆಗೂ ಬದುಕಿದಳು. ಕಮಲಿ ನೆನಪಾದಾಗಲೆಲ್ಲ ಆ ಡಾಕ್ಟರ ವಂಶವನ್ನೇ ಶಪಿಸುತ್ತಿದ್ದಳು, ನಾನು ಪಕ್ಕದಲ್ಲಿ ಸೊಪ್ಪು ಸೋಸುತ್ತ ಹೂಂಗುಡುತ್ತಿದ್ದೆ. ತಣ್ಣೀರು ಬೆರೆಸಿದಾಗ ನಾನು ಮಗು. ಹೂಂಗುಟ್ಟಿದಾಗ ಮಗುವಾಗಿರಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ಅರವತ್ತು ವರ್ಷ ತಳ್ಳಿದೆ.

ಹೋದ ವರ್ಷ ಅವ್ವ ತೀರಿಕೊಂಡಳು. ಡಾಕ್ಟರದ್ದೇನೂ ತಪ್ಪಿಲ್ಲ ಕಣವ್ವ ಎಂದು ನಾನು ಹೇಳಬೇಕಾಗಿದ್ದದ್ದು ಅವಳೊಬ್ಬಳಿಗೆ. ಈಗ ನಿಮಗೆ ಹೇಳುತ್ತಿದ್ದೇನೆ. ನಿಮಗೆ ಹೇಳಿ ಏನು ಬಂತು?