ಸಾಲು ತಪ್ಪಿದ ಫೋನ್ ನಂಬರುಗಳು

ಬೀದರಿನ ಒಂದು ಶಿಕ್ಷಣ ಸಂಸ್ಥೆಯ ಕಚೇರಿಯಲ್ಲಿ ನಾನು ಗುಮಾಸ್ತೆ. ಭಾಲ್ಕಿ, ಔರಾದಗಳಲ್ಲೂ ನಮ್ಮ ಶಾಲೆಗಳಿವೆ. ಹೊಸ ಸಾಫ್ಟ್‌ವೇರ್ ಬಂದಾಗ ಸಿಬ್ಬಂದಿಯ ಮಾಹಿತಿಯನ್ನೆಲ್ಲ ಒಮ್ಮೆಲೇ ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲವನ್ನೂ ಎಕ್ಸೆಲ್ ಹಾಳೆಗೆ ಇಳಿಸಿಕೊಂಡು, ತಿದ್ದಿ, ಮತ್ತೆ ಏರಿಸಬೇಕು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವಾಗ ಕೊನೆಯ ಕಾಲಂ ಸೇರಿಸಿಕೊಳ್ಳಲು ಮರೆತೆ. ಏನಾದರೂ ಆದರೆ ಮನೆಯವರಿಗೆ ತಿಳಿಸಲು ಬರೆಸಿಕೊಂಡ ಫೋನ್ ನಂಬರುಗಳು ಅಲ್ಲಿದ್ದವು. ಹೆಸರುಗಳು ಮೇಲೆ ಕೆಳಗಾದವು, ನಂಬರುಗಳು ಇದ್ದಲ್ಲೇ ಉಳಿದವು. ಏರಿಸಿದಾಗ ಪರದೆಯ ಮೇಲೆ ಹಸಿರು ಗುರುತು ಮೂಡಿತು. ನಿರಾಳವಾಗಿ ಚಹಾಕ್ಕೆ ಎದ್ದೆ.

ಕೆಲವು ವಾರಗಳ ಮೇಲೆ ಭಾಲ್ಕಿಯ ಶಿಕ್ಷಕಿಯೊಬ್ಬರು ಪಾಠ ಮಾಡುತ್ತಲೇ ತಲೆಸುತ್ತಿ ಬಿದ್ದರು. ಮುಖ್ಯಗುರುಗಳು ಕಂಪ್ಯೂಟರಿನಲ್ಲಿ ಕಂಡ ನಂಬರಿಗೆ ಫೋನ್ ಮಾಡಿ, "ನಿಮ್ಮ ಮನಿಯವರಿಗೆ ಆರಾಮಿಲ್ರಿ, ದವಾಖಾನಿಗೆ ಒಯ್ಲಾಕತ್ತೀವಿ" ಎಂದರು. ಆ ಫೋನ್ ಎತ್ತಿದವನು ಔರಾದ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆಯ ಗಂಡ. ಕುರಿ ಮೇಯಿಸುತ್ತಿದ್ದವನು ಅವನ್ನು ಅಲ್ಲೇ ಬಿಟ್ಟು ಶಾಲೆಗೆ ಓಡಿದ. ಹೆಂಡತಿ ಅಡುಗೆಕೋಣೆಯಲ್ಲಿ ಬೇಳೆ ತಿರುವುತ್ತಿದ್ದಳು. ಅತ್ತ ಶಿಕ್ಷಕಿಯ ಗಂಡನಿಗೆ ಸುದ್ದಿ ಮುಟ್ಟಿದ್ದು ಸಂಜೆಗೆ.

ಸುದ್ದಿ ಕೇಳಿ ಆ ಹಾಳೆ ತೆರೆದಾಗ ನನ್ನ ತಪ್ಪು ಕಂಡಿತು. ಮರುದಿನ ಮೊದಲು ಭಾಲ್ಕಿಗೆ ಹೋದೆ. ಶಿಕ್ಷಕಿ ಮನೆಯಲ್ಲಿ ಮಲಗಿದ್ದರು.

"ರಕ್ತ ಕಮ್ಮಿ ಅದ ಅಂದಾರ್ರಿ, ದೊಡ್ಡದೇನಲ್ಲ. ಆದ್ರ ಕಣ್ಣು ತೆರೆದಾಗ ನಮ್ಮವರು ಒಬ್ಬರೂ ಇದ್ದಿಲ್ಲ."

ತಪ್ಪು ನನ್ನದು ಎಂದೆ. ಅವರು ಗೋಡೆಯ ಕಡೆ ಹೊರಳಿದರು. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ಔರಾದದಲ್ಲಿ ಆ ಗಂಡ ಶಾಲೆಯ ಕಟ್ಟೆಯ ಮೇಲೆ ಕೂತಿದ್ದ. "ಅಕ್ಕೋರ, ಅರ್ಧ ದಾರ್ಯಾಗ ಆಕಿ ಹೋಗೇ ಬಿಟ್ಟಾಳಂತ ತಿಳಿದಿದ್ದೆ ನೋಡ್ರಿ" ಎಂದ.

ಹೆಂಡತಿ ಒಳಗಿನಿಂದ ನಕ್ಕಳು. "ಲಗ್ನಾಗಿ ಇಷ್ಟು ವರ್ಷಾತ್ರಿ, ನನ್ನ ಸಲುವಾಗಿ ಈ ಮನುಷ್ಯಾ ಓಡಿದ್ದು ನಾ ನೋಡೇ ಇದ್ದಿಲ್ಲ."

ಅವನು ನಗಲಿಲ್ಲ. ನನಗೂ ನಗಲಾಗಲಿಲ್ಲ.

ಬೀದರಿಗೆ ಬಂದು ಹಳೆಯ ಅರ್ಜಿಗಳನ್ನು ತೆಗೆಸಿ, ಒಂದೊಂದೇ ನಂಬರಿಗೆ ಫೋನ್ ಮಾಡತೊಡಗಿದೆ. ನೀವು ಯಾರ ಮನೆಯವರು ಎಂದು ಕೇಳಿ ಖಾತ್ರಿಯಾದ ಮೇಲೆಯೇ ಆ ಸಾಲು ಭರ್ತಿ ಮಾಡುತ್ತಿದ್ದೆ. ಹೀಗೆ ಫೋನ್ ಮಾಡುತ್ತಿರುವಾಗ ಒಂದು ಕರೆಯನ್ನು ನಮ್ಮದೇ ಕಚೇರಿಯ ಗೇಟಿನ ಕಾವಲುಗಾರರು, ಬಗದಲ್ ಊರಿನವರು, ಎತ್ತಿದರು.

"ಇಲ್ಲಿ ನಿಮ್ಮ ನಂಬರೇ ಬರ್ಸೀರಲ್ರಿ. ಮನಿಯವರದು ಬೇಕು."

"ಮತ್ತ ಯಾರದು ಬರ್ಸಲಿ ಅಕ್ಕೋರ? ನಂಗ ಯಾರದಾರ?"

ಎಷ್ಟೋ ವರ್ಷ ಗೇಟಿನಲ್ಲಿ ನಮಸ್ಕಾರ ಹೇಳಿಕೊಂಡು ಓಡಾಡಿದ್ದೆವು. ಅವರು ಒಂಟಿ ಎಂಬುದು ನನಗೆ ಗೊತ್ತೇ ಇರಲಿಲ್ಲ.

"ನಂದು ಹಾಕ್ಲೇನ್ರಿ?" ಎಂದೆ.

ಅವರು ಮೆಲ್ಲಗೆ, "ಹಾಕ್ರಿ" ಎಂದರು.