ಕಾಲು ಸುತ್ತು ಸಡಿಲ

ಕಡಲತೀರದ ಊರು ಕೇಣಿಯ ಕುಪ್ಪನ ಕೈಗೆ ಹೋಗಿ ಬಂದ ಇಂಜಿನ್ನು ಕುಡಿತ ಬಿಟ್ಟ ಗಂಡನಂತೆ: ಸೀಮೆಎಣ್ಣೆ ಕಡಿಮೆ, ದುಡಿಮೆ ಜಾಸ್ತಿ. ಕಾರವಾರದ ಬೈತಖೋಲ ಬಂದರಿನಲ್ಲಿ ಆರು ವರ್ಷ ಪಳಗಿ ಬಂದು, ದೋಣಿಯ ಹಿಂಬದಿಗೆ ಸಿಕ್ಕಿಸುವ ಇಂಜಿನ್ನುಗಳ ರಿಪೇರಿಗೆ ಕೂತವನ ಹೆಸರು ಇಪ್ಪತ್ತು ವರ್ಷ ನಿಂತದ್ದು ಈ ಒಂದೇ ಗುಣದ ಮೇಲೆ. ಇಂಜಿನ್ನು ಓಡುತ್ತಿದ್ದಂತೆ ಕಿವಿಗೊಟ್ಟು ಎಣ್ಣೆ ಒಳಬಿಡುವ ಕಾರ್ಬೊರೇಟರಿನ ಸ್ಕ್ರೂ ಬಿಗಿ ಮಾಡುತ್ತ ಹೋಗುವನು. ದನಿ ತೆಳ್ಳಗಾಗಿ, ಹೊಗೆ ಮಾಯವಾಗಿ, ಸೀಟಿ ಹೊಡೆದಂತಾದಾಗ "ಹಾಂ, ಹದ" ಎಂದು ಕೈ ತೆಗೆಯುವನು. ಅವನು ಹದ ಎಂದಮೇಲೆ ಕೇಣಿಯಲ್ಲಿ ಅದಕ್ಕೆ ಮೇಲ್ಮನವಿ ಇರಲಿಲ್ಲ.

೨೦೦೬ರ ಮೇ ತಿಂಗಳಲ್ಲಿ ಆ ಹೆಸರು ಅಲ್ಲಾಡಿತು. ಕುಪ್ಪನೇ ಹದ ಮಾಡಿಕೊಟ್ಟಿದ್ದ ಬೀರಾನ ಇಂಜಿನ್ನು ನಡುನೀರಿನಲ್ಲಿ ಪಿಸ್ಟನ್ ಕಚ್ಚಿಕೊಂಡು ನಿಂತುಬಿಟ್ಟಿತು. ಅರ್ಧ ದಿನ ಅಲೆಗಳ ಮೇಲೆ ತೇಲಿದ ದೋಣಿಯನ್ನು ಬೇರೆಯವರು ಹಗ್ಗ ಕಟ್ಟಿ ಎಳೆದುತಂದರು. ಬೀರಾ ಬೇರೆ ಯಾರೂ ಅಲ್ಲ, ಕುಪ್ಪನ ಹೆಂಡತಿ ಮಾದೇವಿಯ ಸ್ವಂತ ಅಣ್ಣ. "ಸೀಮೆಎಣ್ಣೆಗೆ ಆಯಿಲ್ ಸರಿಯಾಗಿ ಬೆರೆಸಿಲ್ಲ" ಎಂದ ಕುಪ್ಪ; ಪಿಸ್ಟನ್ ನುಣುಪಾಗಿ ಜಾರುವುದು ಆ ಆಯಿಲಿನಿಂದ. "ಕುಪ್ಪನ ಕಿವಿ ಹೋಗಿದೆ" ಎಂದ ಬೀರಾ. ಇಂಜಿನ್ನಿನಲ್ಲಿ ಹೊಗೆ ಇರಲಿಲ್ಲ, ಭಾವಂದಿರ ನಡುವೆ ಹಗೆ ಇತ್ತು. ಮಳೆಗಾಲದ ಬಿಡುವು ಮುಗಿದು ಆಗಸ್ಟಿನಲ್ಲಿ ದೋಣಿಗಳು ನೀರಿಗಿಳಿಯುವ ಮೊದಲು ಇಪ್ಪತ್ತೆರಡು ಇಂಜಿನ್ನು ಹದವಾಗಬೇಕು. ಬೀರಾ ತನ್ನದನ್ನು ಕಾರವಾರದ ಮೆಕ್ಯಾನಿಕ್ಕಿನ ಬಳಿ ಒಯ್ದರೆ ಉಳಿದವರೂ ಅದೇ ಟೆಂಪೋ ಹತ್ತುತ್ತಾರೆ. ಕುಪ್ಪನಿಗೆ ಅದು ಗೊತ್ತಿತ್ತು.

ಅಷ್ಟರಲ್ಲಿ ಹಡಗಿನಲ್ಲಿ ಅಡುಗೆ ಕೆಲಸದಲ್ಲಿದ್ದ ಬೀರಾನ ಮಗ ಕಿಶನ ರಜೆಗೆ ಬಂದ. ಜೊತೆಗೆ ಮೊಳದುದ್ದದ ಒಂದು ಆಟದ ಕಾರು. ರಿಮೋಟಿನಿಂದ ಓಡುವುದಾದರೂ ಬ್ಯಾಟರಿಯದಲ್ಲ. ನಿಂಬೆಹಣ್ಣಿನಷ್ಟು ದೊಡ್ಡ ನಿಜವಾದ ಇಂಜಿನ್ನು, ಅದಕ್ಕೊಂದು ಬೆರಳುಗಾತ್ರದ ಕಾರ್ಬೊರೇಟರು. ಕಿಶನ ಅದರ ಸ್ಕ್ರೂ ತಿರುಗಿಸಿ ಕೆಡಿಸಿಟ್ಟಿದ್ದ. ಕಾರು ಹೊಗೆ ಕಾರುತ್ತ ನಾಲ್ಕು ಮಾರು ಹೋಗಿ ಕೆಮ್ಮಿ ನಿಲ್ಲುತ್ತಿತ್ತು.

ಜುಲೈನಲ್ಲಿ ಮಳೆ ಬಿಡುವು ಕೊಟ್ಟ ಒಂದು ಭಾನುವಾರ ಬೆಳಿಗ್ಗೆ ಮೀನು ಒಣಗಿಸುವ ಸಿಮೆಂಟಿನ ಅಂಗಳದಲ್ಲಿ, ಹತ್ತು ಜನರೆದುರು, ಬೀರಾ ಅದನ್ನು ಕುಪ್ಪನ ಮುಂದಿಟ್ಟ.

"ಏ ಭಾವ, ಇದ್ನ ಹದ ಮಾಡು ನೋಡ್ವಾ. ಅಂಗಳಕ್ಕೆ ಹತ್ತು ಸುತ್ತು ಓಡ್ತು ಅಂದ್ರೆ ನನ್ನ ಇಂಜಿನ್ನು ನಿನ್ನ ಮೇಜಿನ ಮೇಲೆ. ಕಚ್ಕಂತು ಅಂದ್ರೆ ನಾಳೆ ಟೆಂಪೋ, ಕಾರವಾರ."

"ಆಟದ ಸಾಮಾನಿನ ಮೇಲೆ ನನ್ನ ಕೆಲಸ ತೂಗ್ತಿಯಾ?"

"ಸಣ್ಣದೇ ಬರೂದಿಲ್ಲ ಅಂದ್ರೆ ದೊಡ್ಡದು ಹೆಂಗೆ ಬರ್ತದೆ ಮಾರಾಯಾ?"

ಬಲೆರಾಶಿಯ ಮೇಲೆ ಕೂತಿದ್ದ ಮುದುಕ ಬೊಮ್ಮು ಕಾರಿನ ಎಣ್ಣೆಯ ಬಾಟಲಿ ಮೂಸಿ ನೋಡಿದ. "ಈ ಕಾರು ಕುಡೂದು ಸ್ಪಿರಿಟ್ಟೋ! ನಮ್ಮ ಬೀರಾನ ಕಡೇದೇ ಸೈ."

ಎಲ್ಲರೂ ನಕ್ಕರು. ಕಿಶನ ನಗಲಿಲ್ಲ. "ಮಾವ, ಇರೂದು ಒಂದೇ ಟ್ಯಾಂಕಿ ಎಣ್ಣಿ. ಆಯಿಲ್ ಅದ್ರಲ್ಲೇ ಬೆರೆಸಿದ್ದು. ಇಂಜಿನ್ನು ಸುಟ್ರೆ ಮತ್ತೆ ಇಲ್ಲೆಲ್ಲೂ ಸಿಕ್ಕೂದಿಲ್ಲ."

ಕುಪ್ಪ ಕಾರಿನ ಇಂಜಿನ್ನು ಎಬ್ಬಿಸುವ ದಾರ ಎಳೆದ. ಇಂಜಿನ್ನು ಗೊರಗೊರ ಎಂದಿತು. ಕಣ್ಣು ಮುಚ್ಚಿ, ಪುಟ್ಟ ಸ್ಕ್ರೂಡ್ರೈವರಿನಿಂದ ಸ್ಕ್ರೂವನ್ನು ಕೂದಲೆಳೆಯಷ್ಟು ಬಿಗಿ ಮಾಡಿದ. ಹೊಗೆ ಕಡಿಮೆಯಾಯಿತು. ಇನ್ನಷ್ಟು. ದನಿ ಏರಿತು. ಇನ್ನೂ ಒಂದಷ್ಟು. ಸೀಟಿ!

"ಹಾಂ, ಹದ."

ಕಿಶನ ರಿಮೋಟು ಒತ್ತಿದ; ಕಾರು ಚಿಮ್ಮಿ ಹೋಯಿತು. ಒಂದು, ಎರಡು, ಮೂರು ಸುತ್ತು. ಬೊಮ್ಮು ಎದ್ದೇ ನಿಂತ. ಬೀರಾನ ಮುಖ ಸಣ್ಣದಾಯಿತು. ನಾಲ್ಕು. ಐದನೆಯದರಲ್ಲಿ ಸೀಟಿ ಇನ್ನೂ ತೆಳ್ಳಗಾಯಿತು. ಯಾರೂ ಸ್ಕ್ರೂ ಮುಟ್ಟಿರಲಿಲ್ಲ. ಕುಪ್ಪ ಕೈ ಬೀಸಿದ.

"ಕಿಶನಾ, ಇತ್ಲಾಗೆ ತಾ! ಬೇಗ!"

ಬಂದ ಕಾರಿನ ಹೊಗೆಕೊಳವೆಯ ಬಾಯಿಗೆ ಕುಪ್ಪ ಹೆಗಲ ಟವೆಲು ಒತ್ತಿದ. ಇಂಜಿನ್ನು ಉಸಿರುಗಟ್ಟಿ ನಿಂತಿತು.

"ಐದೇ ಆದದ್ದು. ಎಂತಕ್ಕೆ ನಿಲ್ಸಿದೆ?" ಬೀರಾ ಕೇಳಿದ.

ಕುಪ್ಪ ಇಂಜಿನ್ನಿನ ತಲೆಗೆ ಬೆರಳು ಚಾಚಿದ. ಹಿಂದಿನಿಂದ ಮಾದೇವಿ ಕೂಗಿದಳು: "ಕೈ ಸುಟ್ಕಳ್ಬೇಡಿ! ಕಾವಲಿ ನೋಡ್ದಂಗೆ ಒಂದು ಹನಿ ನೀರು ಬಿಟ್ಟು ನೋಡಿ."

ಅವಳೇ ಚೊಂಬಿನಲ್ಲಿ ಬೆರಳದ್ದಿ ಹನಿ ಬೀಳಿಸಿದಳು. ಬಿದ್ದದ್ದು ಕಾಣಲಿಲ್ಲ, ಚುಸ್ಸೆಂದದ್ದು ಮಾತ್ರ ಕೇಳಿತು. "ಇಷ್ಟು ಕಾದ್ರೆ ದೋಸೆನೂ ಕರ್ರಗಾತದೆ" ಎಂದಳು.

ಕುಪ್ಪ ಕೂತಲ್ಲೇ ಕೂತ. ಆಯಿಲ್ ಎಣ್ಣೆಯಲ್ಲೇ ಇದೆ. ಎಣ್ಣೆ ಬಿಗಿಹಿಡಿದರೆ ಆಯಿಲೂ ಒಳಗೆ ಹೋಗುವುದಿಲ್ಲ. ದೋಣಿಯ ಇಂಜಿನ್ನಿಗೆ ಸಮುದ್ರದ ನೀರಿನ ತಂಪಾದರೂ ಇದೆ, ಆದ್ದರಿಂದ ಅದು ವರ್ಷಗಟ್ಟಲೆ ಸಹಿಸಿಕೊಳ್ಳುತ್ತದೆ. ಇದು ಐದೇ ಸುತ್ತಿಗೆ ಬಾಯಿಬಿಟ್ಟಿತು. ಹಾಗಾದರೆ ಬೀರಾನ ಇಂಜಿನ್ನು? ಇಪ್ಪತ್ತು ವರ್ಷ ತಾನು ಹದ ಎಂದು ಕೇಳಿದ್ದು ಇಂಜಿನ್ನಿನ ಬಾಯಾರಿಕೆಯನ್ನು. ಕಿವಿ ಸರಿಯಾಗಿಯೇ ಇತ್ತು; ತಪ್ಪಿದ್ದು ಹದದ ಲೆಕ್ಕ.

ಈಗಿದ್ದಂತೆಯೇ ಬಿಟ್ಟರೆ ಇನ್ನೈದು ಸುತ್ತು ಓಡಿದರೂ ಓಡೀತು. ಓಡಿದರೆ ಗೆದ್ದಂತೆ; ಇಪ್ಪತ್ತೆರಡು ಇಂಜಿನ್ನೂ ಬಿಗಿಯಾಗಿಯೇ ನೀರಿಗಿಳಿಯುತ್ತವೆ. ಪ್ರಾರ್ಥನೆಯಲ್ಲಿ ಪಿಸುಗುಟ್ಟಿದ ಮಕ್ಕಳನ್ನು ಕಾನ್ವೆಂಟಿನ ಸಿಸ್ಟರ್ ನೋಡುವಂತೆ ಮಾದೇವಿ ಗಂಡನನ್ನೇ ನೋಡುತ್ತಿದ್ದಳು.

ಕುಪ್ಪ ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿದ. ಇಪ್ಪತ್ತು ವರ್ಷದಲ್ಲಿ ಆ ದಿಕ್ಕಿಗೆ ಅವನ ಕೈ ತಿರುಗಿದ್ದು ಅದೇ ಮೊದಲು. ಇಂಜಿನ್ನು ಆರುವ ತನಕ ಕಾದು ಕೂತ. ದಾರ ಎಳೆದ. ಅಲ್ಲಾಡಲಿಲ್ಲ. ಇನ್ನೊಮ್ಮೆ. ಇಲ್ಲ.

"ಕಚ್ಕಂತು" ಎಂದ ಬೀರಾ, ಮೆಲ್ಲಗೆ.

ಕುಪ್ಪ ಚಕ್ರವನ್ನು ಎರಡು ಬೆರಳಿನಿಂದ ಹಿಂದಕ್ಕೂ ಮುಂದಕ್ಕೂ ಆಡಿಸಿದ. ಒಳಗೆ ಟಕ್ಕೆಂದು ಏನೋ ಬಿಟ್ಟುಕೊಂಡಿತು. ಮೂರನೇ ಸಲ ಎಳೆದಾಗ ಇಂಜಿನ್ನು ಎದ್ದಿತು. ಸೀಟಿಯಿಲ್ಲ, ದಪ್ಪ ದನಿ, ಹಿಂದೆ ನೀಲಿ ಹೊಗೆಯ ಎಳೆ. ಆರು, ಏಳು, ಎಂಟು ಸುತ್ತು. ಒಂಬತ್ತನೆಯದರ ತಿರುವಿನಲ್ಲಿ ಕಾರು ತೊದಲಿ ನಿಂತಿತು. ಕಿಶನ ಓಡಿಹೋಗಿ ನೋಡಿದ.

"ಎಣ್ಣಿ ಖಾಲಿ ಮಾವ. ಸಡಿಲ ಮಾಡಿದ್ದಕ್ಕೆ ಜಾಸ್ತಿ ಕುಡೀತು."

ಬೀರಾ ಬಾಯಿ ತೆರೆಯುವ ಮೊದಲೇ ಕುಪ್ಪ ಹೇಳಿದ: "ನಿನ್ನ ಇಂಜಿನ್ನು ಕಚ್ಕಂಡದ್ದು ನನ್ನ ಕೈಯಿಂದ ಭಾವ. ನೀ ಆಯಿಲ್ ಸರಿಯಾಗೇ ಹಾಕಿದ್ದೆ. ನಾನೇ ಅದ್ನ ಒಳಗೆ ಹೋಗೂಕೆ ಬಿಡ್ಲಿಲ್ಲ."

ಬೊಮ್ಮು ಗಾಬರಿಯಾದ. "ಹಂಗಾರೆ ಇನ್ ಮುಂದೆ ಎಲ್ಲರ ಇಂಜಿನ್ನೂ ಎಣ್ಣಿ ಜಾಸ್ತಿ ಕುಡೀತದಾ?"

"ಕುಡೀತದೆ."

"ನಂದು ಬಿಗೀನೇ ಇರ್ಲೋ."

"ಬಿಗೀನೇ ಬೇಕು ಅಂದ್ರೆ ಬೇರೆ ಕಡೆ ಮಾಡ್ಸಿ ಬೊಮ್ಮಣ್ಣ. ನಾ ಮಾಡೂದಿಲ್ಲ."

ಬೊಮ್ಮು ಲುಂಗಿ ಕೊಡವಿ ಎದ್ದುಹೋದ. ಅವನ ಹಿಂದೆ ಇನ್ನೂ ಮೂವರು ಹೋದರು. ಕುಪ್ಪ ಅವರನ್ನು ಕರೆಯಲಿಲ್ಲ.

ಬೀರಾ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ತಾನೇ ದಾರ ಎಳೆದು ನೋಡಿದ. ಇಂಜಿನ್ನು ಸಲೀಸಾಗಿ ತಿರುಗಿತು.

"ಮಾತು ಹತ್ತು ಸುತ್ತಿನದಾಗಿತ್ತು" ಎಂದ.

"ಹೌದು."

"ಸಂಜೆ ಇಂಜಿನ್ನು ನಿನ್ನ ಮೇಜಿಗೇ ತರ್ತೆ. ಒಬ್ಬನ ಕೈಲಿ ಎತ್ತೂಕೆ ಆಗೂದಿಲ್ಲ, ನೀನೂ ಬಾ."

"ಸಂಜೆ ಎಂತಕ್ಕೆ?" ಕುಪ್ಪ ಆಗಲೇ ಎದ್ದಿದ್ದ. "ಈಗ್ಲೇ ನಡಿ."