ಎರಡೂ ಎಡದ ತೋಳು

ಆ ಹೊಲಿಗೆ ಅಂಗಡಿಗೆ ಬರುವವರೆಲ್ಲ ಅವಳನ್ನು ಗುಂಡಿಯಕ್ಕ ಎಂದೇ ಕರೆಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಕೆಲಸಕ್ಕೆ ಸೇರಿದವಳಿಗೆ ಈಗ ಬೈತಲೆಯ ಎರಡೂ ಕಡೆ ನರೆ ಕಾಣಿಸಿಕೊಂಡಿತ್ತು. ಕಾಜಾ ಹಾಕುವುದು, ಗುಂಡಿ ಹೊಲಿಯುವುದು, ಅಂಚು ಮಡಿಸಿ ಕೈಹೊಲಿಗೆ ಹಾಕುವುದು, ಇಷ್ಟು ಅವಳ ಕೆಲಸ. ಕಿಟಕಿಯ ಪಕ್ಕದ ಮೋಟು ಸ್ಟೂಲು ಅವಳ ಜಾಗ. ಬಟ್ಟೆ ಹರಿದರೂ ಅವಳು ಹಾಕಿದ ಗುಂಡಿ ಬೀಳುವುದಿಲ್ಲ ಎಂದು ಗಿರಾಕಿಗಳು ಹೇಳುತ್ತಿದ್ದರು.

ಅವಳಲ್ಲಿ ಇನ್ನೊಂದು ಗುಣವಿತ್ತು. ಹೊಲಿದು ಮುಗಿದ ಕೋಟನ್ನು ಗುಂಡಿ ಹಾಕಲೆಂದು ತೊಡೆಯ ಮೇಲೆ ಹರಡಿಕೊಂಡಳೆಂದರೆ, ಅದರಲ್ಲಿ ತಪ್ಪಿದ್ದರೆ ಟೇಪು ಹಿಡಿಯುವ ಮೊದಲೇ ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಹೊಕ್ಕುಳ ಮೇಲೆ ಯಾರೋ ಬೆರಳಿಟ್ಟು ಮೆಲ್ಲಗೆ ಒತ್ತಿದ ಹಾಗೆ ಆಗುತ್ತಿತ್ತು.

"ಮಾಸ್ತರೇ, ಈ ಹೆಗಲು ಒಂದ್ಸಲ ನೋಡ್ತೀರಾ?" ಎನ್ನುತ್ತಿದ್ದಳು.

ಅಂಗಡಿಯ ಯಜಮಾನರೂ ಕಟಿಂಗ್ ಮಾಡುವವರೂ ಒಬ್ಬರೇ, ಮಾಸ್ತರು. ಅವರು ಅಳೆದು ನೋಡಿದರೆ ಅರ್ಧ ಬೆರಳು ಹೆಚ್ಚುಕಡಿಮೆ ಇದ್ದೇ ಇರುತ್ತಿತ್ತು. "ನಿನ್ನ ಹೊಟ್ಟೇಲಿ ಟೇಪು ಇದೆ ಕಣಮ್ಮ, ಯಾವಾಗ ನುಂಗಿದೆ?" ಎಂದು ನಗುತ್ತಿದ್ದರು.

ಇಷ್ಟೆಲ್ಲ ಗೊತ್ತಿದ್ದವಳು ಕಟಿಂಗ್ ಮೇಜಿನ ಹತ್ತಿರ ಮಾತ್ರ ಸುಳಿಯುತ್ತಿರಲಿಲ್ಲ. ಗೋಡೆಯ ಮೊಳೆಗೆ ತೂಗುಹಾಕಿದ ದೊಡ್ಡ ಕತ್ತರಿಯನ್ನು ಒಂದು ದಿನವೂ ಕೈಗೆ ತೆಗೆದುಕೊಂಡವಳಲ್ಲ. ಕಾಜಾ ಸೀಳಲು ಸಣ್ಣ ಬ್ಲೇಡು, ದಾರ ಕಡಿಯಲು ಹಲ್ಲು. ಕಡಿದು ಕಡಿದು ಮುಂದಿನ ಒಂದು ಹಲ್ಲಿನಲ್ಲಿ ದಾರದ ಗೀರು ಬಿದ್ದಿತ್ತು.

ಹಾಗೆಂದು ಆಸೆ ಇರಲಿಲ್ಲವೇ? ಇತ್ತು. ಮಾಸ್ತರು ಬಟ್ಟೆ ಹಾಸಿ, ಅಂಗೈಯಿಂದ ಸವರಿ, ಸೀಮೆಸುಣ್ಣದಲ್ಲಿ ಗೆರೆ ಎಳೆಯುವಾಗ ಅವಳ ಸೂಜಿ ತಾನಾಗಿ ನಿಲ್ಲುತ್ತಿತ್ತು. ಪರರ ಮನೆಯ ಮಗುವನ್ನು ನೋಡುವ ಬಂಜೆಯ ಹಾಗೆ ನೋಡುತ್ತಿದ್ದಳು. ಆಮೇಲೆ ತಲೆ ತಗ್ಗಿಸಿ ಕಾಜಾ ಹಾಕುತ್ತಿದ್ದಳು.

ಹೀಗಿರುವಾಗ ಮಾಸ್ತರ ಬಲಗೈ ನಡುಗತೊಡಗಿತು. ಮೊದಮೊದಲು ಚಹಾದ ಲೋಟ ತುಳುಕಿತು, ಆಮೇಲೆ ಸುಣ್ಣದ ಗೆರೆ ವಕ್ರವಾಯಿತು. ಒಂದು ಮಧ್ಯಾಹ್ನ ಅವರು ಅವಳ ಸ್ಟೂಲಿನ ಎದುರು ಬಂದು ಕುಳಿತರು.

"ನಂದು ಮುಗೀತು. ಮಗಳ ಮನೆಗೆ ಹೋಗ್ತೀನಿ. ಮೇಜು ನೀನು ಹಿಡೀತೀಯ ಅಂದ್ರೆ ಅಂಗಡಿ ನಡೀಲಿ. ಇಲ್ಲಾಂದ್ರೆ ಬಾಗಿಲು ಹಾಕಿಬಿಡ್ತೀನಿ."

ಗುಂಡಿಯಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ನನ್ನ ಕೈಗೆ ಕತ್ತರಿ ಆಗಿಬರಲ್ಲ ಮಾಸ್ತರೇ."

"ಹಾಗಂತ ಯಾರು ಹೇಳಿದ್ದು?"

"ಯಾರು ಹೇಳಬೇಕು? ಗೊತ್ತಿರೋದೇ."

"ನನಗೆ ಗೊತ್ತಿಲ್ವಲ್ಲ," ಎಂದರು ಮಾಸ್ತರು. ಮೇಜಿನ ಮೇಲಿದ್ದ ಕಪ್ಪು ಮಖಮಲ್ಲಿನ ಕಡೆ ಕೈ ತೋರಿಸಿದರು. ಊರಿನಲ್ಲಿ ಸಂಗೀತ ಹೇಳಿಕೊಡುವ ಹೆಂಗಸೊಬ್ಬಳು ತಾನು ಮೊದಲ ಸಲ ವೇದಿಕೆ ಹತ್ತುವಾಗ ತೊಡಲೆಂದು ಕೋಟು ಹೊಲಿಯಲು ಕೊಟ್ಟಿದ್ದ ಬಟ್ಟೆ ಅದು. "ಇದನ್ನ ನಾನು ಮುಟ್ಟಲ್ಲ. ಮುಂದಿನ ವಾರ ನೀನು ಕತ್ತರಿಸು, ಇಲ್ಲಾ ಅವಳಿಗೆ ವಾಪಸು ಕೊಡೋಣ."

ಮನೆಗೆ ಹೋಗಿ ಗಂಡನಿಗೆ ಹೇಳಿದಳು. ಗಂಡ ಕ್ಷೌರಿಕ. "ನಾನು ಕತ್ತರಿ ಹಿಡಿದು ಹೊಟ್ಟೆ ಹೊರೆಯೋನು, ನೀನು ಕತ್ತರಿ ಕಂಡ್ರೆ ಓಡೋಳು. ನಮ್ಮಿಬ್ಬರನ್ನ ಜೋಡಿ ಮಾಡಿದೋರಿಗೆ ಕೈ ಮುಗೀಬೇಕು," ಎಂದ.

"ನಿಮಗೇನು, ಕೂದಲು ಮತ್ತೆ ಬೆಳೀತದೆ. ಬಟ್ಟೆ ಬೆಳೆಯುತ್ತಾ?"

"ಬೆಳೆಯಲ್ಲ. ಆದರೆ ಬಟ್ಟೆ ನನ್ನ ಗಿರಾಕಿ ಹಂಗೆ ಎದ್ದು ಬಯ್ಯಲ್ಲವಲ್ಲ," ಎಂದವನು ಅವಳ ಕಡೆ ತಿರುಗಿ ಕೇಳಿದ: "ಅಲ್ವೇ, ಕೋಟಿನ ತಪ್ಪು ನಿನ್ನ ಹೊಟ್ಟೆಗೆ ಗೊತ್ತಾಗ್ತದೆ ಅಂತೀಯ. ಈ ಕತ್ತರಿ ವಿಷಯ ಆ ಹೊಟ್ಟೇನೇ ಹೇಳ್ತಿದೆಯಾ, ಬೇರೆ ಯಾರಾದ್ರೂ ಹೇಳ್ತಿದಾರಾ? ವಿಚಾರಿಸಿ ನೋಡು."

ತಮಾಷೆಗೆ ಅಂದದ್ದೋ ನಿಜಕ್ಕೆ ಅಂದದ್ದೋ, ಮಾತು ಮಾತ್ರ ಅವಳಲ್ಲಿ ನಾಟಿತು. ರಜೆಯ ದಿನ ಬೆಳಿಗ್ಗೆ, ಗಂಡ ಹೊರಗೆ ಹೋದ ಮೇಲೆ, ಅವನ ಕತ್ತರಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಎಂದಿನಂತೆ ಎದೆ ಹೊಡೆದುಕೊಂಡಿತು. ಆದರೆ ಈ ಸಲ ಎದ್ದು ಹೋಗಲಿಲ್ಲ. ಸಿಕ್ಕಾದ ದಾರವನ್ನು ಜಗ್ಗಿದರೆ ಗಂಟು ಬಿಗಿಯಾಗುತ್ತದೆ. ಸಡಿಲ ಬಿಟ್ಟು ನೋಡಿದರೆ ತುದಿ ಸಿಗುತ್ತದೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಾಗೇ ಸಡಿಲ ಬಿಟ್ಟು ಕಾದಳು.

ಎಲ್ಲಿ ಹಿಂಡುತ್ತಿದೆ? ಹೊಕ್ಕುಳಲ್ಲಿ ಅಲ್ಲ. ಗಂಟಲಲ್ಲಿ. ಕಿವಿ ಬಿಸಿಯಾಗಿದೆ. ಬೆನ್ನು ಬಾಗಿದೆ, ಹತ್ತು ಜನ ನಿಂತು ನೋಡುತ್ತಿದ್ದಾರೆ ಎಂಬ ಹಾಗೆ. ಆಗ ಅವಳಿಗೆ ಹೊಳೆಯಿತು: ಹೊಕ್ಕುಳ ಮೇಲಿನ ಬೆರಳು ಯಾವತ್ತೂ ಮಾತಾಡಿದ್ದಿಲ್ಲ, ಸುಮ್ಮನೆ ಒತ್ತುತ್ತದೆ ಅಷ್ಟೇ. ಗಂಟಲಿನದು ಮಾತಾಡುತ್ತದೆ. ಒಂದೇ ಮಾತು. "ಕೆಡಿಸೋ ಕೈ." ಮೂಗಿನಿಂದ ಬರುವ ದನಿ, ಕೊನೆಯಲ್ಲಿ ಸ್ವಲ್ಪ ಎಳೆತ. ಅದು ತನ್ನ ದನಿ ಅಲ್ಲವೇ ಅಲ್ಲ. ಸೋದರತ್ತೆಯ ದನಿ.

ಅದರ ಹಿಂದೆಯೇ ಆ ಮಾತು ಕೇಳಿದ ದಿನವೂ ನೆನಪಿಗೆ ಬಂತು. ಅವಳಿನ್ನೂ ಚಿಕ್ಕವಳು. ಅತ್ತೆ ತನಗೊಂದು ಹಸಿರು ರೇಷ್ಮೆಯ ಅಂಗಿ ಹೊಲಿದುಕೊಳ್ಳುತ್ತಿದ್ದಳು. ಒಲೆಯ ಮೇಲೆ ಹಾಲು ಉಕ್ಕಿತೆಂದು ಎದ್ದಳು. ಆಮೇಲೆ ತೋಳು ಕತ್ತರಿಸಿದವಳು ಈ ಹುಡುಗಿ. ಕಾಗದದ ಅಚ್ಚು ಇಟ್ಟು ಒಂದು ತೋಳು ಕತ್ತರಿಸಿದಳು, ಅದೇ ಅಚ್ಚು ಹಾಗೇ ಇಟ್ಟು ಇನ್ನೊಂದು. ಮಗುಚಿ ಇಡಬೇಕೆಂದು ಅವಳಿಗೆ ಹೇಳಿದವರಿಲ್ಲ. ಮಗುಚದೆ ಇಟ್ಟರೆ ಹೊಳೆಯುವ ಮೈ ಒಂದೇ ಕಡೆ ಬಂದು ಎರಡೂ ಎಡದ ತೋಳೇ ಆಗುತ್ತವೆ. ಮಿಕ್ಕ ಬಟ್ಟೆ ಇರಲಿಲ್ಲ. ಮನೆ ತುಂಬ ನೆಂಟರು. ಅವರೆಲ್ಲರ ಎದುರು ಅತ್ತೆ ಆ ಎರಡು ತೋಳನ್ನು ಎತ್ತಿ ಹಿಡಿದು, "ನೋಡಿ, ಇದು ಕೆಡಿಸೋ ಕೈ. ಇವಳ ಕೈಗೆ ಕತ್ತರಿ ಕೊಡಬೇಡಿ," ಎಂದಿದ್ದಳು. ನೆಂಟರು ನಕ್ಕಿದ್ದರು.

ಗುಂಡಿಯಕ್ಕ ಕತ್ತರಿಯನ್ನು ಪಕ್ಕಕ್ಕಿಟ್ಟು ಚಪ್ಪಲಿ ಮೆಟ್ಟಿದಳು. ಅತ್ತೆಯ ಮನೆ ಅದೇ ಊರಿನ ಇನ್ನೊಂದು ತುದಿ.

ಅತ್ತೆಗೆ ವಯಸ್ಸಾಗಿತ್ತು, ಬಾಯಿಗೆ ಆಗಿರಲಿಲ್ಲ. "ಏನೇ, ದಾರಿ ತಪ್ಪಿ ಬಂದ್ಯಾ?" ಎಂದು ಬರಮಾಡಿಕೊಂಡಳು. ಗುಂಡಿಯಕ್ಕ ಹಸಿರು ರೇಷ್ಮೆಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಅತ್ತೆ ಕಣ್ಣು ಕಿರಿದು ಮಾಡಿ ಕೇಳಿದಳು.

"ನಾನಾ? ಯಾವಾಗ? ನನಗೆ ಹಸಿರು ಅಂಗಿ ಇತ್ತಾ?"

"ಇರಲಿಲ್ಲ ಅತ್ತೆ. ಹೊಲಿದು ಮುಗಿಯಲೇ ಇಲ್ವಲ್ಲ."

"ನನಗಂತೂ ನೆನಪಿಲ್ಲಮ್ಮ. ದಿನಕ್ಕೆ ಎಷ್ಟೋ ಅಂತೀನಿ, ಎಲ್ಲ ನೆನಪಿಟ್ಕೊಂಡು ಕೂತರೆ ಅನ್ನ ಬೇಯಿಸೋದು ಯಾವಾಗ?" ಎಂದ ಅತ್ತೆಗೆ ಒಮ್ಮೆಲೆ ಸಿಟ್ಟೂ ಬಂತು. "ಅಲ್ಲ, ಅಷ್ಟು ಚಿಕ್ಕ ಹುಡುಗಿ ಕೈಗೆ ಕತ್ತರಿ ಕೊಟ್ಟೋರು ಯಾರು? ಬಯ್ಯಬೇಕಾದ್ದು ಅವರಿಗೆ."

"ಕೊಟ್ಟೋಳು ನೀನೇ ಅತ್ತೆ. ತೋಳು ಕತ್ತರಿಸಿಡು ಅಂತ ಹೇಳಿ ಒಲೆ ಹತ್ರ ಹೋದೆ."

ಅತ್ತೆ ಹಣೆ ಚಚ್ಚಿಕೊಂಡಳು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಗುಂಡಿಯಕ್ಕನ ಕಣ್ಣಲ್ಲಿ ನೀರು ಬಂತು. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಆಡಿದವಳಿಂದ ಅದು ಅಂದೇ ಹೋಗಿತ್ತು. ಕೇಳಿದವಳು ಮಾತ್ರ ಅದನ್ನು ಇಷ್ಟು ವರ್ಷ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ತಿರುಗಿದ್ದಳು.

ಮಾರನೆಯ ದಿನ ಅಂಗಡಿಗೆ ಬಂದವಳೇ ಮೊಳೆಯಿಂದ ದೊಡ್ಡ ಕತ್ತರಿ ತೆಗೆದಳು. ಮಾಸ್ತರು ಅವಳ ಸ್ಟೂಲಿನ ಮೇಲೆ ಹೋಗಿ ಕುಳಿತರು.

ಒಂದು ವಾರ ಹಳೆಯ ಬೆಡ್‌ಶೀಟುಗಳನ್ನು ಕತ್ತರಿಸಿ ಕೈ ಪಳಗಿಸಿಕೊಂಡಳು. ಸಂಗೀತದ ಟೀಚರ ಅಳತೆಯನ್ನು ತಾನೇ ತೆಗೆದುಕೊಂಡಳು. ಟೀಚರ ಬಲ ಹೆಗಲು ಸ್ವಲ್ಪ ಇಳಿದಿತ್ತು. "ಯಾವ ಕೋಟು ಹಾಕಿದ್ರೂ ಒಂದು ಕಡೆ ಜೋತುಬೀಳ್ತದೆ. ನನ್ನ ಮೈಯೇ ಸೊಟ್ಟ," ಎಂದಳಾಕೆ. "ಮೈ ಸೊಟ್ಟ ಇರಲ್ಲ ಟೀಚರೇ. ಕೋಟಿಗೆ ಅದನ್ನ ಯಾರೂ ಹೇಳಿರಲಿಲ್ಲ, ಅಷ್ಟೇ," ಎಂದಳು ಗುಂಡಿಯಕ್ಕ.

ಮಖಮಲ್ಲನ್ನು ಬೇರೆ ಬಟ್ಟೆಯ ಹಾಗೆ ಮಡಿಸಿ, ಎರಡು ಪದರ ಒಟ್ಟಿಗೆ ಕತ್ತರಿಸಲಾಗುವುದಿಲ್ಲ. ಒಂದರ ಮೇಲೊಂದು ಜಾರುತ್ತದೆ. ಒಂದೇ ಪದರ ಹಾಸಿ ಒಂದೊಂದೇ ತುಂಡು ಕತ್ತರಿಸಬೇಕು. ಬೆನ್ನು, ಎದೆಯ ಎರಡು ಪಾಲು, ಒಂದು ತೋಳು ಸಲೀಸಾಗಿ ಬಂದವು. ಗಂಟಲಿನ ದನಿ ನಡುನಡುವೆ ಬಂತು. "ಗೊತ್ತು ಅತ್ತೆ, ಹಾಲು ಉಕ್ಕುತ್ತಿದೆ ನೋಡು, ಹೋಗು," ಎಂದು ಮನಸ್ಸಿನಲ್ಲೇ ಕಳಿಸಿದಳು. ಅದು ಹೋಯಿತು.

ಇನ್ನೊಂದು ತೋಳಿಗೆ ಅಚ್ಚು ಇಟ್ಟು ಗೆರೆ ಎಳೆದಳು. ಕತ್ತರಿಯ ಬಾಯಿ ತೆರೆದು ಬಟ್ಟೆಯ ಅಂಚಿಗೆ ತಂದಳು. ಕೈ ನಿಂತಿತು.

ಯಾವ ದನಿಯೂ ಇಲ್ಲ. ಹೊಕ್ಕುಳ ಮೇಲೆ ಒಂದು ಬೆರಳು, ಮೆಲ್ಲಗೆ.

ಕತ್ತರಿ ಕೆಳಗಿಟ್ಟು ನೋಡಿದಳು. ಅಚ್ಚನ್ನು ಮಗುಚಿರಲಿಲ್ಲ. ಕತ್ತರಿಸಿದ್ದರೆ ಎರಡೂ ಎಡದ ತೋಳು. ಅದೇ ತಪ್ಪು, ಕೂದಲೆಳೆಯ ಅಂತರದಲ್ಲಿ.

ಮಾಸ್ತರು ಸ್ಟೂಲಿನಿಂದ ಅರ್ಧ ಎದ್ದಿದ್ದರು. ಅವರೂ ಕಂಡಿದ್ದರು. ಗುಂಡಿಯಕ್ಕ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಕೆಡಿಸುವ ಕೈಯಾಗಿದ್ದರೆ ಅದು ನಿಲ್ಲುತ್ತಿತ್ತೇ? ಅಚ್ಚು ಮಗುಚಿ, ಹಳೆಯ ಗೆರೆ ಒರೆಸಿ, ಹೊಸದು ಎಳೆದಳು. ಕತ್ತರಿ ಮಖಮಲ್ಲಿನಲ್ಲಿ ಕರಕರ ಎನ್ನುತ್ತ ಒಂದೇ ಉಸಿರಿಗೆ ಕಂಕುಳ ತಿರುವು ಸುತ್ತಿ ಬಂತು.

"ಕೂತ್ಕೊಳ್ಳಿ ಮಾಸ್ತರೇ, ಆಯ್ತು," ಎಂದಳು.

ಟೀಚರು ಕೋಟು ತೊಟ್ಟು ಕನ್ನಡಿಯ ಎದುರು ನಿಂತಳು. ಎರಡೂ ಕೈ ಮೇಲೆತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಹೆಗಲು ಎರಡೂ ಒಂದೇ ಮಟ್ಟಕ್ಕೆ ನಿಂತವು. ಕೋಟು ಅತ್ತಿತ್ತ ಅಲುಗಲಿಲ್ಲ. ಆಮೇಲೆ ಅಲ್ಲೇ, ಬಟ್ಟೆಯ ಚೂರುಗಳ ನಡುವೆ, ಬಾಯಿಬಿಟ್ಟು ಒಂದು ಸಾಲು ಹಾಡಿಯೇಬಿಟ್ಟಳು. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು.

ಆ ಅಂಗಡಿ ಮುಚ್ಚಲಿಲ್ಲ. ಗಿರಾಕಿಗಳು ಹಳೆಯ ಹೆಸರಿನಿಂದಲೇ ಕರೆಯುತ್ತ ಬಂದರೆ, "ಗುಂಡಿಗೆ ಬೇರೆಯವರು ಇದಾರೆ, ನನಗೆ ಪುರುಸೊತ್ತಿಲ್ಲ," ಎನ್ನುತ್ತಾಳೆ ಗುಂಡಿಯಕ್ಕ. ಕಿಟಕಿಯ ಪಕ್ಕದ ಸ್ಟೂಲಿನಲ್ಲಿ ಈಗ ಇನ್ನೊಬ್ಬಳು ಕೂರುತ್ತಾಳೆ. ಅವಳ ಕೈಗೆ ಮೊದಲ ದಿನವೇ ಕತ್ತರಿ ಕೊಟ್ಟಿದ್ದಾಯಿತು. ಅಚ್ಚನ್ನು ಮಗುಚುವುದು ಹೇಗೆಂದು ತೋರಿಸಿದ ಮೇಲೆಯೇ ಕೊಟ್ಟದ್ದು.

ಅತ್ತೆಯೂ ಒಂದು ದಿನ ಬಂದಳು, ಹಸಿರು ರೇಷ್ಮೆ ಹಿಡಿದುಕೊಂಡು. ಅಂಗಡಿಯಲ್ಲಿ ಕಾಯುತ್ತಿದ್ದವರಿಗೆಲ್ಲ ಕೇಳುವ ಹಾಗೆ, "ಇವಳು ನಮ್ಮಣ್ಣನ ಮಗಳು. ಚಿಕ್ಕಂದಿನಲ್ಲಿ ಇವಳ ಕೈಗೆ ಮೊದಲು ಕತ್ತರಿ ಕೊಟ್ಟೋಳೇ ನಾನು," ಎಂದು ಹೇಳಿಕೊಂಡಳು.

"ಹೌದು, ಅತ್ತೆಯೇ ಕೊಟ್ಟಿದ್ದು," ಎಂದು ಗುಂಡಿಯಕ್ಕ ರೇಷ್ಮೆಯನ್ನು ಮೇಜಿನ ಮೇಲೆ ಹಾಸಿದಳು.